ನಿಮಗಿದು ಗೊತ್ತೇ? ಏಲಕ್ಕಿಯ ಇನ್ನೊಂದು ಸೀಮೆ ಆಲ್ಟಾ ವೆರಪಾಸ್

ಏಲಕ್ಕಿ ಧಾರಣೆ ಬಿದ್ದಾಗಲೆಲ್ಲ ಸಕಲೇಶಪುರ, ಮೂಡಿಗೆರೆ, ಕೊಡಗಿನ ಬೆಳೆಗಾರರ ಮಾತಿನಲ್ಲಿ ಗ್ವಾಟೆಮಾಲದ ಹೆಸರು ಬರುತ್ತದೆ. ಆ ದೇಶದ ಏಲಕ್ಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಆಲ್ಟಾ ವೆರಪಾಸ್ ಎಂಬ ಒಂದೇ ಪ್ರಾಂತ್ಯದಲ್ಲಿ. ಅಲ್ಲಿನ ನೆಲ, ಚರಿತ್ರೆ, ಜನರ ಬಗ್ಗೆ ನಿಮಗಿದು ಗೊತ್ತೇ?

ನೆಲ ಮತ್ತು ನೀರು

● ಗ್ವಾಟೆಮಾಲದ 22 ಪ್ರಾಂತ್ಯಗಳಲ್ಲಿ ಆಲ್ಟಾ ವೆರಪಾಸ್ ಒಂದು. ವಿಸ್ತಾರ ಸುಮಾರು 8,686 ಚದರ ಕಿ.ಮೀ., ಹೆಚ್ಚು ಕಡಿಮೆ ನಮ್ಮ ಶಿವಮೊಗ್ಗ ಜಿಲ್ಲೆಯಷ್ಟು. 2018ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 12 ಲಕ್ಷ ದಾಟಿತ್ತು.

● ಪ್ರಾಂತ್ಯದ ರಾಜಧಾನಿ ಕೊಬಾನ್ ಇರುವುದು ಸುಮಾರು 1,300 ಮೀಟರ್ ಎತ್ತರದಲ್ಲಿ. ಅಲ್ಲಿ ಬಿಡದೆ ಹಿಡಿಯುವ ಜಿಟಿಜಿಟಿ ಮಳೆಗೆ ಜನ ‘ಚಿಪಿಚಿಪಿ’ ಎನ್ನುತ್ತಾರೆ. ಈ ತಂಪು, ಈ ಮಂಜು ಕಾಫಿಗೂ ಏಲಕ್ಕಿಗೂ ಹೇಳಿ ಮಾಡಿಸಿದ ಹವೆ.

● ಸೆಮುಕ್ ಚಾಂಪೇ ಎಂಬಲ್ಲಿ ಕಾಹಬೋನ್ ನದಿ ಅಬ್ಬರಿಸುತ್ತ ಬಂದು ನೆಲದೊಳಗೆ ನುಗ್ಗುತ್ತದೆ. ಅದರ ಮೇಲೆ ಸುಮಾರು 300 ಮೀಟರ್ ಉದ್ದಕ್ಕೆ ಸುಣ್ಣಕಲ್ಲಿನ ಸಹಜ ಸೇತುವೆಯಿದೆ. ಸೇತುವೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹಸಿರು-ನೀಲಿ ಕೊಳಗಳು. ಅವುಗಳಲ್ಲಿ ತುಂಬಿರುವುದು ನದಿಯ ನೀರಲ್ಲ, ಬೆಟ್ಟದ ಒರತೆಗಳ ನೀರು.

● ಸುಣ್ಣಕಲ್ಲಿನ ಸೀಮೆಯಾದ್ದರಿಂದ ಗುಹೆಗಳಿಗೆ ಲೆಕ್ಕವಿಲ್ಲ. ಲಂಕೀನ್ ಗುಹೆಯಿಂದ ಮುಸ್ಸಂಜೆಗೆ ಸಾವಿರಾರು ಬಾವಲಿಗಳು ಹೊರಬೀಳುತ್ತವೆ. ಕ್ಯಾಂಡೆಲಾರಿಯಾ ಗುಹೆಗಳೊಳಗೆ ನದಿಯೇ ಹರಿಯುತ್ತದೆ. ಪ್ರಾಚೀನ ಮಾಯಾ ಜನ ಅಲ್ಲಿ ಪೂಜೆ ಸಲ್ಲಿಸುತ್ತಿದ್ದರು.

● ಸಮುದ್ರ ದೂರವಿದ್ದರೂ ಇಲ್ಲಿ ಉಪ್ಪು ಸಿಗುತ್ತಿತ್ತು! ಚಿಕ್ಸೋಯ್ ನದಿಯ ಪಕ್ಕದ ‘ಒಂಬತ್ತು ಬೆಟ್ಟಗಳ ಉಪ್ಪಿನ ನೆಲೆ’ಯಲ್ಲಿ ಉಪ್ಪುನೀರಿನ ತೊರೆ ಹರಿಯುತ್ತದೆ. ಮಾಯಾ ಜನ ಆ ನೀರು ಕಾಯಿಸಿ ಉಪ್ಪು ತೆಗೆದು ವ್ಯಾಪಾರ ಮಾಡುತ್ತಿದ್ದರು.

ಚರಿತ್ರೆ

● 16ನೇ ಶತಮಾನದಲ್ಲಿ ಸ್ಪೇನಿನ ಸೈನಿಕರು ಈ ಸೀಮೆಯನ್ನು ಗೆಲ್ಲಲಾರದೆ ‘ಯುದ್ಧದ ನಾಡು’ ಎಂದು ಕರೆದರು. 1537ರಲ್ಲಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ ಗವರ್ನರ್ ಜತೆ ಒಪ್ಪಂದ ಮಾಡಿಕೊಂಡರು: ಸೈನ್ಯ ಬೇಡ, ಐದು ವರ್ಷ ಬೇರೆ ಸ್ಪೇನಿಗರು ಒಳಗೆ ಕಾಲಿಡಬಾರದು, ಮಾತಿನಿಂದಲೇ ಒಲಿಸುತ್ತೇವೆ. ವ್ಯಾಪಾರಿಗಳಿಗೆ ಸ್ಥಳೀಯ ಭಾಷೆಯ ಹಾಡು ಕಲಿಸಿ ಮುಂದೆ ಕಳಿಸಿದರೆಂಬುದು ಪ್ರತೀತಿ. ಆಮೇಲೆ ಇದಕ್ಕೆ ‘ನಿಜವಾದ ಶಾಂತಿ’ ಎಂಬರ್ಥದ ವೆರಪಾಸ್ ಎಂಬ ಹೆಸರು ಬಂತು.

● 1544ರಲ್ಲಿ ಇಲ್ಲಿನ ಕೆಕ್ಚಿ ಮಾಯಾ ಮುಖಂಡರು ಪಾದ್ರಿಗಳ ಜತೆ ಸ್ಪೇನಿಗೆ ಹೋಗಿ ರಾಜಕುಮಾರ ಫಿಲಿಪ್‌ನನ್ನು ಕಂಡರು. ಕಾಣಿಕೆಯಾಗಿ ಒಯ್ದದ್ದು ಕ್ವೆಟ್ಸಲ್ ಹಕ್ಕಿಯ ಗರಿಗಳು ಮತ್ತು ಪಾತ್ರೆಗಳಲ್ಲಿ ಕಡೆದ ಚಾಕೊಲೇಟ್ ಪಾನೀಯ. ಯುರೋಪಿನಲ್ಲಿ ಚಾಕೊಲೇಟ್ ಕಾಣಿಸಿಕೊಂಡದ್ದಕ್ಕೆ ಸಿಗುವ ಅತಿ ಹಳೆಯ ದಾಖಲೆ ಇದೇ ಎಂದು ಚರಿತ್ರಕಾರರು ಹೇಳುತ್ತಾರೆ.

● 19ನೇ ಶತಮಾನದ ಕೊನೆಗೆ ಜರ್ಮನ್ ಕುಟುಂಬಗಳು ಬಂದು ಇಲ್ಲಿ ದೊಡ್ಡ ದೊಡ್ಡ ಕಾಫಿ ತೋಟ ಎಬ್ಬಿಸಿದವು. ಕಾಫಿ ಮೂಟೆಗಳು ಸಣ್ಣ ರೈಲಿನಲ್ಲಿ ಪಾನ್ಸೋಸ್ ಪಟ್ಟಣದವರೆಗೆ ಇಳಿದು, ಅಲ್ಲಿಂದ ಪೊಲೊಚಿಕ್ ನದಿಯ ದೋಣಿಗಳಲ್ಲಿ ಕಡಲಿನತ್ತ ಸಾಗುತ್ತಿದ್ದವು. ಆದರೆ ತಮ್ಮ ಹೊಲ ಕಳೆದುಕೊಂಡ ಕೆಕ್ಚಿ ಜನ ಅದೇ ತೋಟಗಳಲ್ಲಿ ಕೂಲಿಗಳಾದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದ ಸರ್ಕಾರ ಜರ್ಮನರ ತೋಟಗಳನ್ನು ಮುಟ್ಟುಗೋಲು ಹಾಕಿಕೊಂಡಿತು.

● 1978ರ ಮೇ 29ರಂದು ಪಾನ್ಸೋಸ್ ಪಟ್ಟಣದ ಚೌಕದಲ್ಲಿ ಭೂಮಿಯ ಹಕ್ಕು ಕೇಳಲು ಸೇರಿದ್ದ ಕೆಕ್ಚಿ ರೈತರ ಮೇಲೆ ಸೈನ್ಯ ಗುಂಡು ಹಾರಿಸಿತು. 50ಕ್ಕೂ ಹೆಚ್ಚು ಜನ ಸತ್ತರು. ಮುಂದೆ ನಿಂತಿದ್ದ ಅಡೆಲಿನಾ ಕಾಲ್ ಎಂಬ ಅಜ್ಜಿಯೂ ಬಲಿಯಾದರು. ‘ಮಾಮಾ ಮಕೀನ್’ ಎಂದೇ ಹೆಸರಾದ ಅವರು ಇಂದಿಗೂ ಗ್ವಾಟೆಮಾಲದ ರೈತಹೋರಾಟಗಳಿಗೆ ಸ್ಫೂರ್ತಿ.

● ಆಗ ಗ್ವಾಟೆಮಾಲದಲ್ಲಿ ನಡೆಯುತ್ತಿದ್ದ ಅಂತರ್ಯುದ್ಧ 1996ರಲ್ಲಿ ಮುಗಿದರೂ ಅದರ ಗಾಯ ಮಾಯಲಿಲ್ಲ. 2012ರಿಂದ ಕೊಬಾನ್‌ನ ಹಳೆಯ ಸೇನಾ ನೆಲೆಯನ್ನು ಅಗೆದಾಗ 550ಕ್ಕೂ ಹೆಚ್ಚು ಜನರ ಅಸ್ಥಿಗಳು ಸಿಕ್ಕವು. ಅಷ್ಟರಲ್ಲಿ ಆ ನೆಲೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗಳ ತರಬೇತಿ ಕೇಂದ್ರವಾಗಿತ್ತು.

ಏಲಕ್ಕಿ

● ಏಲಕ್ಕಿಯ ತವರು ನಮ್ಮ ಪಶ್ಚಿಮ ಘಟ್ಟ. ಆಲ್ಟಾ ವೆರಪಾಸ್‌ಗೆ ಅದನ್ನು ಒಯ್ದದ್ದು 1914ರ ಸುಮಾರಿಗೆ, ಒಬ್ಬ ಜರ್ಮನ್ ತೋಟಗಾರ. ಶತಮಾನ ಮುಗಿಯುವುದರೊಳಗೆ ಗ್ವಾಟೆಮಾಲ ಏಲಕ್ಕಿ ರಫ್ತಿನಲ್ಲಿ ಭಾರತವನ್ನು ಹಿಂದಿಕ್ಕಿ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೇರಿತ್ತು.

● ಇಷ್ಟು ಬೆಳೆದರೂ ಅಲ್ಲಿನವರು ಏಲಕ್ಕಿ ತಿನ್ನುವುದು ಅಪರೂಪ! ಬೆಳೆದದ್ದೆಲ್ಲ ಹೆಚ್ಚುಕಡಿಮೆ ಹೊರದೇಶಕ್ಕೆ, ಅದರಲ್ಲೂ ಸೌದಿ ಅರೇಬಿಯಾ ಮತ್ತು ಕೊಲ್ಲಿ ದೇಶಗಳಿಗೆ. ಅಲ್ಲಿ ಅತಿಥಿಗೆ ಕೊಡುವ ‘ಗಹ್ವಾ’ ಕಾಫಿಗೆ ಏಲಕ್ಕಿ ಬೇಕೇ ಬೇಕು.

● ಇಂದು ಅಲ್ಲಿ ಏಲಕ್ಕಿ ಬೆಳೆಯುವವರಲ್ಲಿ ಬಹುಪಾಲು ಜನ ಬೆಟ್ಟದ ಇಳಿಜಾರಿನ ತುಂಡು ನೆಲದ ಕೆಕ್ಚಿ ರೈತರು. ಹಸಿ ಕಾಯಿ ಕೊಯ್ದು ದಲ್ಲಾಳಿಗೆ ಮಾರುತ್ತಾರೆ. ಒಣಗಿಸಿ ವಿಂಗಡಿಸಿದ ಮೇಲಿನ ಲಾಭ ಬೇರೆಯವರ ಪಾಲು. ನಮ್ಮ ತೋಟಗಳನ್ನು ಕಾಡುವ ಥ್ರಿಪ್ಸ್ ಕೀಟ ಅವರನ್ನೂ ಬಿಟ್ಟಿಲ್ಲ. ಮಾರುಕಟ್ಟೆಯಲ್ಲಿ ನಮ್ಮ ಬೆಳೆಗಾರನಿಗೆ ಎದುರಾಳಿಯಾಗಿ ನಿಂತಿರುವವನು ಅವನಷ್ಟೇ ಸಂಕಟದಲ್ಲಿರುವ ಇನ್ನೊಬ್ಬ ರೈತ.

ಜನ ಮತ್ತು ಸಂಸ್ಕೃತಿ

● ಕೆಕ್ಚಿ ಜನರ ಸಂಖ್ಯೆ ಗ್ವಾಟೆಮಾಲದಲ್ಲಿ 10 ಲಕ್ಷಕ್ಕೂ ಹೆಚ್ಚು. ನೆರೆಯ ಬೆಲೀಜ್ ದೇಶದಲ್ಲೂ ಅವರ ಭಾಷೆ ಕೇಳಿಸುತ್ತದೆ. ಈ ಪ್ರಾಂತ್ಯದಲ್ಲೇ ಪೊಕೊಮ್ಚಿ ಎಂಬ ಇನ್ನೊಂದು ಮಾಯಾ ಭಾಷೆಯೂ ಇದೆ.

● ಬೆಟ್ಟ-ಕಣಿವೆಗಳ ಒಡೆಯ ‘ತ್ಸುಲ್ ತಾಕಾ’ ಎಂಬ ದೈವ. ಮೆಕ್ಕೆಜೋಳ ಬಿತ್ತುವ ಮುನ್ನ ಧೂಪ ಹಾಕಿ, ಮೇಣದಬತ್ತಿ ಹಚ್ಚಿ ಆ ದೈವದ ಅಪ್ಪಣೆ ಕೇಳುವುದು ಕೆಕ್ಚಿ ರೂಢಿ.

● ‘ಕಾಕ್ ಇಕ್’ ಇಲ್ಲಿನ ಹೆಸರಾಂತ ಅಡುಗೆ. ಟರ್ಕಿ ಕೋಳಿ, ಟೊಮೆಟೊ, ಒಣಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ಕುದಿಸಿದ ಕೆಂಪು ಸಾರು. 2007ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಪರಂಪರೆಯೆಂದು ಘೋಷಿಸಿತು.

● ಕೊಬಾನ್ ಸೀಮೆಯ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ‘ಪಿಕ್‌ಬಿಲ್’ ಎಂಬ ತೆಳು ಬಟ್ಟೆ ನೇಯುತ್ತಾರೆ. ಬಿಳಿ ನೂಲಿನ ಮೇಲೆ ಬಿಳಿ ನೂಲಿನದೇ ಚಿತ್ತಾರ!

● ಗ್ವಾಟೆಮಾಲದ ರಾಷ್ಟ್ರೀಯ ಪುಷ್ಪ ‘ಮೊಂಹಾ ಬ್ಲಾಂಕಾ’ ಈ ಪ್ರಾಂತ್ಯದ ಮಂಜುಕಾಡಿನ ಬಿಳಿ ಆರ್ಕಿಡ್. 1934ರಲ್ಲಿ ಆ ಪದವಿ ಸಿಕ್ಕಿತು. ಕಾಡಿನಲ್ಲಿ ಈಗ ಅದು ಬಲು ವಿರಳ.

● ಗ್ವಾಟೆಮಾಲಕ್ಕೆ ಮೊದಲ ಒಲಿಂಪಿಕ್ ಪದಕ ತಂದವರು ಈ ಪ್ರಾಂತ್ಯದ ಸಾನ್ ಕ್ರಿಸ್ಟೋಬಾಲ್‌ನ ಎರಿಕ್ ಬರೋಂಡೊ. 2012ರ ಲಂಡನ್ ಒಲಿಂಪಿಕ್ಸ್‌ನ 20 ಕಿ.ಮೀ. ನಡಿಗೆಯಲ್ಲಿ ಅವರಿಗೆ ಬೆಳ್ಳಿ ಬಂತು. ದೇಶ ಮೊದಲ ಬಾರಿ ಒಲಿಂಪಿಕ್ಸ್‌ಗೆ ಹೋದ 1952ರಿಂದ ಅದಕ್ಕಾಗಿ ಕಾದಿತ್ತು.

● ಕೊಬಾನ್‌ನಲ್ಲಿ 1975ರಿಂದ ಹಾಫ್ ಮ್ಯಾರಥಾನ್ ನಡೆಯುತ್ತಿದೆ. ಹೊರದೇಶಗಳ ಓಟಗಾರರೂ ಬರುತ್ತಾರೆ. ಓಡುವ ಹವ್ಯಾಸವುಳ್ಳವರು ಮೇ ತಿಂಗಳನ್ನು ಗುರುತು ಹಾಕಿಕೊಳ್ಳಿ!