ಕೋರ್ಟಿನ ದಫ್ತರವೂ ಉಮೇದುವಾರನ ಶೀಲವೂ

ನೌಕರಿ ಬೇಡಿ ಬಂದವನ ಶೀಲವನ್ನು ವಿಚಾರಿಸುವದು ಹೊಸ ಪದ್ಧತಿಯೇನೂ ಅಲ್ಲ. ಹಿಂದೆ ಶಾಲೆಯ ಹೆಡ್ ಮಾಸ್ತರರೋ ಊರಿನ ಪ್ರಮುಖರೋ ಬರೆದುಕೊಟ್ಟ ನಡತೆಯ ಪತ್ರವು ಈ ಕೆಲಸವನ್ನು ಮಾಡುತ್ತಿದ್ದಿತು. ಬರೆದವರು ಉಮೇದುವಾರನನ್ನು ಕಣ್ಣಾರೆ ಬಲ್ಲವರಾಗಿರುತ್ತಿದ್ದರು. ಸುಳ್ಳು ಬರೆದರೆ ಅವರ ಹೆಸರಿಗೇ ಕುಂದು ತಗಲುತ್ತಿದ್ದಿತು. ಇಂದು ಆ ಸ್ಥಾನದಲ್ಲಿ ಬೇರೊಂದು ಸಾಕ್ಷಿಯು ಬಂದು ನಿಂತಿರುವದು. ಅದೇ ಕೋರ್ಟಿನ ದಫ್ತರ. ಈ ಸಾಕ್ಷಿಯು ಉಮೇದುವಾರನನ್ನು ಎಂದೂ ಕಂಡದ್ದಿಲ್ಲ. ಅದನ್ನು ಪಾಟೀಸವಾಲಿಗೆ ಗುರಿಪಡಿಸುವವರೂ ಇಲ್ಲ.

2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯ ಫಲವಾಗಿ ದೇಶದ ಜಿಲ್ಲಾ ಮತ್ತು ತಾಲೂಕು ನ್ಯಾಯಾಲಯಗಳ ಖಟ್ಲೆಗಳ ವಿವರವು ಇಂದು ಯಾರಿಗಾದರೂ ಖರ್ಚಿಲ್ಲದೆ ದೊರೆಯುವದು. ಮುಂದಿನ ತಾರೀಖನ್ನು ತಿಳಿಯಲೆಂದೇ ಬಸ್ಸು ಹಿಡಿದು ಕೋರ್ಟಿಗೆ ಅಲೆಯುತ್ತಿದ್ದ ರೈತನು ಈಗ ಅದನ್ನು ಮನೆಯಲ್ಲಿ ಕುಳಿತೇ ಕಾಣಬಲ್ಲನು. ಇದು ಸಣ್ಣ ಉಪಕಾರವಲ್ಲ. ನ್ಯಾಯವು ತೆರೆದ ಬಾಗಿಲಿನಲ್ಲಿಯೇ ನಡೆಯತಕ್ಕದ್ದೆಂಬುದು ಪ್ರಜಾರಾಜ್ಯದ ಮೊದಲ ನಿಯಮವು. ಆದರೆ ಕಕ್ಷಿಗಾರನಿಗಾಗಿ ತೆರೆದ ಆ ಬಾಗಿಲಿನಿಂದಲೇ ಇಂದು ಕಂಪನಿಗಳೂ ಅವು ನೇಮಿಸಿದ ತಪಾಸಣೆಯ ಸಂಸ್ಥೆಗಳೂ ಒಳಹೊಕ್ಕು, ಉಮೇದುವಾರನ ಹೆಸರನ್ನು ಹುಡುಕಿ, ಅವನ ಭವಿಷ್ಯವನ್ನು ನಿರ್ಣಯಿಸುತ್ತಿರುವವು. ತಪಾಸಣೆಯೇ ಕೂಡದೆಂದು ನಾವು ಹೇಳುವದಿಲ್ಲ. ಬ್ಯಾಂಕಿನ ತಿಜೋರಿಯನ್ನು, ಶಾಲೆಯ ಮಕ್ಕಳ ವಾಹನವನ್ನು, ಹಾಸಿಗೆ ಹಿಡಿದ ವೃದ್ಧರನ್ನು ಒಬ್ಬನ ಕೈಗೆ ಒಪ್ಪಿಸುವಾಗ ಅವನ ಪೂರ್ವಚರಿತ್ರೆಯನ್ನು ತಿಳಿಯುವದು ಮಾಲಿಕರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಅಹುದು. ಆದರೆ ದಫ್ತರವನ್ನು ಓದಬಲ್ಲವರು ಎಷ್ಟು ಮಂದಿ ಎಂಬುದೇ ನಮ್ಮ ಪ್ರಶ್ನೆಯು.

ಮೊದಲನೆಯದಾಗಿ, ಈ ಶೋಧವು ಹೆಸರಿನ ಶೋಧವೇ ಹೊರತು ಮನುಷ್ಯನ ಶೋಧವಲ್ಲ. ಕಕ್ಷಿಗಾರನ ಹೆಸರು, ಖಟ್ಲೆಯ ವರ್ಷ, ಕೋರ್ಟಿನ ಸ್ಥಳ, ಇಷ್ಟರಿಂದಲೇ ಹುಡುಕಾಟವು ನಡೆಯುವದು. ನಮ್ಮ ಒಂದೊಂದು ಜಿಲ್ಲೆಯಲ್ಲಿ ಎಷ್ಟು ಮಂದಿ ಬಸವರಾಜರು, ಎಷ್ಟು ಮಂದಿ ಮಂಜುನಾಥರು ಇರುವರೆಂಬುದನ್ನು ವಾಚಕರೇ ಎಣಿಸಿ ನೋಡಲಿ! ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದೇ ಹೆಸರು ಮೂರು ನಾಲ್ಕು ರೂಪಗಳನ್ನು ತಾಳುವದು. ಆದ್ದರಿಂದ ನಿರಪರಾಧಿಯಾದ ಮಂಜುನಾಥನು ಸಿಕ್ಕಿಬೀಳಲೂಬಹುದು, ಅಪರಾಧಿಯಾದ ಮಂಜುನಾಥನು ನುಸುಳಿ ಪಾರಾಗಲೂಬಹುದು.

ಎರಡನೆಯದಾಗಿ, ದಫ್ತರದಲ್ಲಿ ಹೆಸರಿದ್ದವರೆಲ್ಲ ಅಪರಾಧಿಗಳಲ್ಲ. ಹೊಲದ ಪಾಲಿಗಾಗಿ ಅಣ್ಣನ ಮೇಲೆ ದಾವಾ ಹೂಡಿದ ತಮ್ಮನ ಹೆಸರು ಅಲ್ಲಿರುವದು; ಹೊಡೆಯುವ ಗಂಡನಿಂದ ರಕ್ಷಣೆಯನ್ನು ಬೇಡಿದ ಹೆಂಡತಿಯ ಹೆಸರೂ ಇರುವದು; ಬಾಕಿ ಸಂಬಳಕ್ಕಾಗಿ ಹಿಂದಿನ ಮಾಲಿಕನ ಮೇಲೆ ಫಿರ್ಯಾದು ಕೊಟ್ಟ ಕಾರ್ಮಿಕನ ಹೆಸರೂ ಇರಬಹುದು. ಈ ಕೊನೆಯವನ ಸ್ಥಿತಿಯನ್ನು ಸ್ವಲ್ಪ ಯೋಚಿಸಿರಿ. ನ್ಯಾಯ ಬೇಡಿದ್ದೇ ಅವನಿಗೆ ಕಳಂಕವಾಗಿ, ಹೊಸ ಮಾಲಿಕನು 'ಇವನು ತಂಟೆಕೋರನು' ಎಂದು ಬಾಗಿಲು ಮುಚ್ಚಿದರೆ, ನಾಳೆ ಯಾವ ಬಡವನು ಕೋರ್ಟಿನ ಮೆಟ್ಟಿಲು ಹತ್ತಿಯಾನು? ಇನ್ನು ಫೌಜದಾರಿ ಖಟ್ಲೆಗಳಲ್ಲಿಯೂ ಆರೋಪವೇ ಬೇರೆ, ಶಿಕ್ಷೆಯೇ ಬೇರೆ. ಆರೋಪವು ಒಂದು ದಿನದಲ್ಲಿ ದಾಖಲಾಗುವದು. ಬಿಡುಗಡೆಯ ತೀರ್ಪಿಗೆ ಹಲವು ವರ್ಷಗಳು ಹಿಡಿಯುವವು. ಆ ವರ್ಷಗಳೇ ಯುವಕನು ನೌಕರಿಗಾಗಿ ಅಲೆಯುವ ವರ್ಷಗಳು.

ದಫ್ತರವನ್ನೇ ಶೀಲದ ಅಳತೆಗೋಲಾಗಿ ಮಾಡಿಕೊಂಡುದರ ಫಲವನ್ನು ನಮ್ಮ ದೇಶವು ಒಮ್ಮೆ ಉಂಡಿರುವದು. 1871ರಲ್ಲಿ ಪರಕೀಯ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು, ಇಡೀ ಸಮುದಾಯಗಳ ಹೆಸರುಗಳನ್ನು ಪಟ್ಟಿಯಲ್ಲಿ ಬರೆಯಿಸಿತು. ಪಟ್ಟಿಯಲ್ಲಿ ಹೆಸರು ಬಂದುದೇ ಅಪರಾಧವಾಯಿತು. ಹುಟ್ಟಿದ ಕೂಸೂ ಸಂಶಯಕ್ಕೆ ಪಾತ್ರವಾಯಿತು. ಸ್ವತಂತ್ರ ಭಾರತವು 1952ರಲ್ಲಿ ಆ ಕಳಂಕವನ್ನು ತೊಡೆಯಿತಾದರೂ ಆ ಜನರ ಬಗೆಗಿನ ಸಂಶಯವು ಇನ್ನೂ ಪೂರ್ಣವಾಗಿ ಅಳಿದಿಲ್ಲ. 1908ರಲ್ಲಿ ಲೋಕಮಾನ್ಯ ಟಿಳಕರನ್ನು ರಾಜದ್ರೋಹಿಗಳೆಂದು ಶಿಕ್ಷಿಸಿದ ಮುಂಬಯಿ ಹಾಯ್‌ಕೋರ್ಟಿನಲ್ಲಿಯೇ 1956ರಲ್ಲಿ ಮುಖ್ಯ ನ್ಯಾಯಾಧೀಶ ಛಾಗಲಾ ಅವರು ಟಿಳಕರ ಸ್ಮಾರಕ ಫಲಕವನ್ನು ಅನಾವರಣಗೊಳಿಸಿದರು. ಕೋರ್ಟು ತಾನೇ ತನ್ನ ದಫ್ತರವನ್ನು ಕೊನೆಯ ಮಾತೆಂದು ಭಾವಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಮ್ಮ ಕಾನೂನಿನಲ್ಲಿ ವಿವೇಕದ ಮಾತುಗಳಿಗೆ ಕೊರತೆಯಿಲ್ಲ. 1958ರ ಪ್ರೊಬೇಶನ್ ಕಾಯಿದೆಯ ಮೇರೆಗೆ ಬಿಡುಗಡೆ ಹೊಂದಿದವನಿಗೆ ಶಿಕ್ಷೆಯೊಡನೆ ಅಂಟುವ ಅನರ್ಹತೆಯು ತಟ್ಟಲಾಗದು. 2015ರ ಬಾಲನ್ಯಾಯ ಕಾಯಿದೆಯು, ಘೋರ ಅಪರಾಧಗಳ ಕೆಲವು ಸಂದರ್ಭಗಳ ಹೊರತು, ಬಾಲ್ಯದ ತಪ್ಪು ಮುಂದಿನ ಬಾಳಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವದು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠವು ಎರಡೂ ಕಡೆಯನ್ನು ತೂಗಿ ನೋಡಿತು. ಉಮೇದುವಾರನು ಕೇಳಿದ ಮಾಹಿತಿಯನ್ನು ಮರೆಮಾಚದೆ ಹೇಳಲೇಬೇಕು; ಆದರೆ ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಖಟ್ಲೆಯನ್ನು ಅವನು ಹೇಳದೆ ಬಿಟ್ಟಿದ್ದರೂ ಮಾಲಿಕನು ಅದನ್ನು ಮನ್ನಿಸಬಹುದು. ಅಪರಾಧದ ಸ್ವರೂಪವನ್ನೂ ಹುದ್ದೆಯ ಸ್ವರೂಪವನ್ನೂ ನೋಡಿ ನಿರ್ಣಯಿಸತಕ್ಕದ್ದು ಎಂಬುದು ಆ ತೀರ್ಪಿನ ಸಾರವು.

ಆದರೆ ಆ ತೀರ್ಪು ಸರಕಾರಿ ನೌಕರಿಯ ವಿಷಯದಲ್ಲಿ ಹುಟ್ಟಿದ್ದು. ಖಾಸಗಿ ಕಂಪನಿಯು ತಿರಸ್ಕರಿಸಿದ ಉಮೇದುವಾರನಿಗೆ ಕಾರಣವೇ ತಿಳಿಯುವದಿಲ್ಲ. ತಿಳಿಯದ ಆರೋಪಕ್ಕೆ ಉತ್ತರ ಕೊಡುವದಾದರೂ ಹೇಗೆ? ಅಮೇರಿಕೆಯಲ್ಲಿ ತಪಾಸಣೆಯ ಸಂಸ್ಥೆಯ ವರದಿಯನ್ನು ಆಧರಿಸಿ ನೌಕರಿಯನ್ನು ನಿರಾಕರಿಸುವ ಮುನ್ನ ಆ ವರದಿಯ ಪ್ರತಿಯನ್ನು ಉಮೇದುವಾರನಿಗೆ ಕೊಡಬೇಕೆಂಬ ಕಾನೂನಿರುವದು. ಇಂಗ್ಲೆಂಡಿನ 1974ರ ಕಾಯಿದೆಯು ಸಣ್ಣ ಶಿಕ್ಷೆಗಳನ್ನು ನಿಗದಿಯಾದ ಅವಧಿಯ ನಂತರ, ಕೆಲವು ಹುದ್ದೆಗಳ ಹೊರತು, ತೀರಿಹೋದವೆಂದೇ ಎಣಿಸುವದು. ನಮ್ಮಲ್ಲಿ 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಕಾಯಿದೆಯಾಯಿತು, ನಿಜ. ಆದರೆ ಕಾನೂನಿನ ಬಾಧ್ಯತೆಯಿಂದ ಬಹಿರಂಗಪಡಿಸಿದ ಮಾಹಿತಿಗೆ ಅದು ಅನ್ವಯಿಸದೆಂದು ಅದರಲ್ಲಿಯೇ ಬರೆದಿರುವದು. ಕೋರ್ಟಿನ ದಫ್ತರವನ್ನು ಜಾಲಾಡುವವರು ಈ ಮಾತಿನ ಮರೆಯಲ್ಲಿ ನಿಂತಾರೆಂಬುದು ನಮ್ಮ ಭಯವು.

ಆದುದರಿಂದ ಮಾಲಿಕರಿಗೆ ನಮ್ಮ ಸೂಚನೆಯಿಷ್ಟೇ. ಉಮೇದುವಾರನ ಒಪ್ಪಿಗೆ ಪಡೆದು ಶೋಧಿಸಿರಿ. ತಂದೆಯ ಹೆಸರು, ವಿಳಾಸ, ವಯಸ್ಸುಗಳನ್ನು ಮೂಲ ಕಾಗದಪತ್ರಗಳೊಡನೆ ತಾಳೆ ನೋಡದೆ ಅವನೇ ಇವನೆಂದು ನಿರ್ಧರಿಸಬೇಡಿರಿ. ಹುದ್ದೆಗೆ ಸಂಬಂಧವಿಲ್ಲದ ಖಟ್ಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿರಿ. ನಿರಾಕರಿಸುವ ಮುನ್ನ ಕಂಡುದನ್ನು ಅವನ ಮುಂದಿಟ್ಟು ಅವನ ಮಾತನ್ನು ಕೇಳಿರಿ. ಇವುಗಳನ್ನು ಸೌಜನ್ಯಕ್ಕೆ ಬಿಡದೆ ಕಾನೂನಿನ ಕಟ್ಟಳೆಯಾಗಿ ಮಾಡುವದು ಸರಕಾರದ ಹೊಣೆಯು. ಕಳ್ಳನಿಗೂ ತನ್ನ ಮಾತನ್ನು ಹೇಳಿಕೊಳ್ಳಲು ಕೋರ್ಟು ಅವಕಾಶ ಕೊಡುವದು. ಕೋರ್ಟು ಕಳ್ಳನಿಗೆ ಕೊಡುವಷ್ಟನ್ನು ಕಚೇರಿಯು ನಿರಪರಾಧಿಗೆ ಕೊಡಲಾರದೇ?