ಜೀಪಿನ ಮಂಜುದೀಪವೂ ಕೈಗೆಟುಕದ ವಯರುಗಳೂ

ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಜೀಪು ಓಡಿಸುವ ಬೆಳೆಗಾರರಿಗೆ ಮಂಜಿನ ಕಾಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೆಡ್‌ಲೈಟಿನ ಬೆಳಕು ಮಂಜಿನ ಹನಿಗಳಿಗೆ ಬಡಿದು ಓಡಿಸುವವನ ಕಣ್ಣಿಗೇ ಹಿಂತಿರುಗುತ್ತದೆ. ಹೆಡ್‌ಲೈಟಿಗಿಂತ ಕೆಳಗೆ, ಬಂಪರಿನ ಮಟ್ಟದಲ್ಲಿ ಒಂದು ಜೊತೆ ಮಂಜುದೀಪವಿದ್ದರೆ ಬೆಳಕು ನೆಲಕ್ಕೆ ಅಗಲವಾಗಿ ಹರಡಿ ರಸ್ತೆಯ ಅಂಚಾದರೂ ಕಾಣುತ್ತದೆ. ಆದುದರಿಂದ ಸದಸ್ಯರಲ್ಲಿ ಅನೇಕರು ಇಂಥ ದೀಪಗಳನ್ನು ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳುವುದುಂಟು. ದೀಪವನ್ನು ಬೋಲ್ಟು ಹಾಕಿ ಕೂರಿಸುವುದು ಅರ್ಧ ಗಂಟೆಯ ಕೆಲಸ. ಕಷ್ಟವಿರುವುದು ವಯರನ್ನು ಡ್ಯಾಶ್‌ಬೋರ್ಡಿನ ಹಿಂದಕ್ಕೆ, ಕೈಯೂ ಹೋಗದ ಕಣ್ಣೂ ಹೋಗದ ಜಾಗಕ್ಕೆ ಮುಟ್ಟಿಸುವುದರಲ್ಲಿ. ಅವಸರದ ಕೆಲಸ ನಡೆಯುವುದೂ ಅಲ್ಲಿಯೇ, ಮುಂದೆ ಹೊಗೆ ಏಳುವುದೂ ಅಲ್ಲಿಯೇ.

ಬ್ಯಾಟರಿ 12 ವೋಲ್ಟಿನದು, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಸರಿಯಲ್ಲ. ಶಾರ್ಟ್ ಆದಾಗ ಅದೇ ಬ್ಯಾಟರಿ ನೂರಾರು ಆಂಪಿಯರ್ ಕರೆಂಟನ್ನು ಒಮ್ಮೆಗೇ ಬಿಡಬಲ್ಲದು; ಸಣ್ಣ ವಯರು ಕೆಲವೇ ಕ್ಷಣಗಳಲ್ಲಿ ಕೆಂಪಗೆ ಕಾಯುತ್ತದೆ. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಇಂಧನದ ಟ್ಯಾಂಕು ಚಾಲಕನ ಆಸನದ ಕೆಳಗೇ ಇದೆ ಎಂಬುದನ್ನು ನೆನಪಿಟ್ಟರೆ ಸಾಕು, ಹೆಚ್ಚು ಹೇಳಬೇಕಾಗಿಲ್ಲ. ಕೆಲಸಕ್ಕೆ ಕೈಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಕ್ಲಾಂಪನ್ನು ಕಳಚಬೇಕು. ನೆಗೆಟಿವ್ ಏಕೆಂದರೆ, ಪಾಸಿಟಿವ್ ಬಿಚ್ಚುವಾಗ ಸ್ಪಾನರು ಬಾಡಿಗೆ ತಾಗಿದರೆ ಅಲ್ಲಿಯೇ ಶಾರ್ಟ್ ಆಗುತ್ತದೆ. ನೆಗೆಟಿವ್ ಮೊದಲೇ ಕಳಚಿದ್ದರೆ ಆ ಭಯವಿಲ್ಲ. ಮತ್ತೆ ಜೋಡಿಸುವಾಗ ನೆಗೆಟಿವ್ ಕೊನೆಗೆ. (ಬಾಡಿಗೆ ಪಾಸಿಟಿವ್ ಕೊಟ್ಟಿರುವ ಹಳೆಯ ಬ್ರಿಟಿಷ್ ಕಾರುಗಳೂ ಉಂಟು, ಅವುಗಳಲ್ಲಿ ಇದು ತಿರುವುಮುರುವು.)

ಈಗ ಸ್ವಲ್ಪ ಲೆಕ್ಕ. 55 ವಾಟಿನ ಎರಡು ಬಲ್ಬುಗಳೆಂದರೆ 110 ವಾಟು. 12ರಿಂದ ಭಾಗಿಸಿದರೆ ಸುಮಾರು 9 ಆಂಪಿಯರ್. ಇದನ್ನು 1 ಚದರ ಮಿಲಿಮೀಟರಿನ ವಯರಿನಲ್ಲಿ 5 ಮೀಟರ್ ಒಯ್ದರೆ ದಾರಿಯಲ್ಲೇ ಮುಕ್ಕಾಲು ವೋಲ್ಟಿನಷ್ಟು ಸೋರಿಹೋಗುತ್ತದೆ. ಅಷ್ಟೇ ತಾನೆ ಎನ್ನಬಾರದು. ತಂತಿ ಉರಿಯುವ ಬಲ್ಬಿನಲ್ಲಿ ವೋಲ್ಟೇಜು ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ಮುಕ್ಕಾಲು ವೋಲ್ಟು ಹೋದರೆ ಬೆಳಕಿನ ಐದನೆಯ ಒಂದು ಪಾಲು ಹೋದಂತೆಯೇ. 2.5 ಚದರ ಮಿಲಿಮೀಟರಿನ ವಯರು ಹಾಕಿದರೆ ನಷ್ಟ ಅದರ ಅರ್ಧಕ್ಕಿಂತಲೂ ಕಡಿಮೆ. ಆದರೆ ಅಂಥ ದಪ್ಪ ವಯರನ್ನು ಡ್ಯಾಶ್‌ಬೋರ್ಡಿನ ಹಿಂದೆ ತೂರಿಸಿ ಸ್ವಿಚ್ಚಿಗೆ ಒಯ್ದು ವಾಪಸು ತರುವುದು ತಾಳ್ಮೆ ಕೆಡಿಸುವ ಕೆಲಸ.

ಇದಕ್ಕೆ ಪರಿಹಾರ ರಿಲೇ. ಬಾನೆಟಿನೊಳಗೆ, ಬ್ಯಾಟರಿಯ ಹತ್ತಿರವೇ, ಕೈಗೆ ಸಿಗುವಲ್ಲಿ ಅದನ್ನು ಕೂರಿಸಬೇಕು. ನೀರು ನಿಲ್ಲದಂತೆ ಕಾಲುಗಳು ಕೆಳಮುಖವಾಗಿರಲಿ. ಕಾಲುಗಳ ಮೇಲೆ 30, 87, 85, 86 ಎಂಬ ಅಂಕಿಗಳಿರುತ್ತವೆ. ಬ್ಯಾಟರಿಯ ಪಾಸಿಟಿವ್‌ನಿಂದ ದಪ್ಪ ವಯರು 15 ಆಂಪಿಯರಿನ ಫ್ಯೂಸಿನ ಮೂಲಕ 30ಕ್ಕೆ ಬರಲಿ. ಈ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು, ಏಕೆಂದರೆ ಫ್ಯೂಸಿಗೆ ಮೊದಲಿನ ವಯರಿಗೆ ರಕ್ಷಣೆಯೇ ಇಲ್ಲ. 87ರಿಂದ ದೀಪಗಳಿಗೆ ಹೋಗಲಿ. ದೊಡ್ಡ ಕರೆಂಟಿನ ದಾರಿ ಇಷ್ಟಕ್ಕೇ ಮುಗಿಯಿತು. ಅದು ಡ್ಯಾಶ್‌ಬೋರ್ಡನ್ನು ಮುಟ್ಟುವುದೇ ಇಲ್ಲ.

ಉಳಿದ ಎರಡು ಕಾಲುಗಳಿಗೆ ಬೇಕಾದ ಕರೆಂಟು ಕಾಲು ಆಂಪಿಯರಿಗಿಂತ ಕಡಿಮೆ. ಸಾಮಾನ್ಯವಾಗಿ ಕೀ ಸ್ವಿಚ್ಚಿನಿಂದ ಪಾಸಿಟಿವ್ ತೆಗೆದು ಹೊಸ ಸ್ವಿಚ್ಚಿನ ಮೂಲಕ ರಿಲೇಗೆ ತರುತ್ತಾರೆ. ಅದಕ್ಕಿಂತ ಈ ಕ್ರಮ ಮೇಲು: 86ಕ್ಕೆ ಮುಂದುಗಡೆಯ ಪಾರ್ಕಿಂಗ್ ದೀಪದ ವಯರಿನಿಂದ ಪಾಸಿಟಿವ್ ಕೊಡಿ, ಅದು ಬಾನೆಟಿನೊಳಗೇ ಕೈಗೆ ಸಿಗುತ್ತದೆ. 85ರಿಂದ ಒಂದೇ ಒಂದು ಸಣ್ಣ ವಯರನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಒಯ್ದು, ಸ್ವಿಚ್ಚಿನ ಇನ್ನೊಂದು ಕಾಲನ್ನು ಬಾಡಿಗೆ ಅರ್ತ್ ಮಾಡಿ. ಹೀಗೆ ಮಾಡಿದರೆ ಕೈಗೆಟುಕದ ಜಾಗದಲ್ಲಿರುವುದು ಅರ್ತಿನ ವಯರು ಮಾತ್ರ. ಅದು ಎಲ್ಲಿಯಾದರೂ ಉಜ್ಜಿ ಸವೆದು ಬಾಡಿಗೆ ತಾಗಿದರೂ ಪಾರ್ಕಿಂಗ್ ದೀಪ ಹಾಕಿದಾಗ ಮಂಜುದೀಪ ತಾನಾಗಿ ಉರಿದೀತೇ ಹೊರತು ಕಿಡಿಯೂ ಇಲ್ಲ, ಬೆಂಕಿಯೂ ಇಲ್ಲ. ಪಾರ್ಕಿಂಗ್ ದೀಪ ಆರಿಸಿದೊಡನೆ ಇದೂ ಆರುವುದರಿಂದ ಬೆಳಿಗ್ಗೆ ಬ್ಯಾಟರಿ ಖಾಲಿಯಾಗಿರುವ ಪ್ರಸಂಗವೂ ತಪ್ಪುತ್ತದೆ.

ಎಂಜಿನ್ನಿಗೂ ಚಾಲಕನಿಗೂ ನಡುವಿನ ತಗಡಿನ ಗೋಡೆಯನ್ನು ದಾಟಿಸುವಾಗ ಹೊಸ ತೂತು ಕೊರೆಯುವ ಮೊದಲು, ಸ್ಪೀಡೋಮೀಟರ್ ಕೇಬಲ್ ಅಥವಾ ಹಳೆಯ ವಯರುಗಳು ಹೋಗಿರುವ ರಬ್ಬರ್ ಬುಷ್ ಎಲ್ಲಿದೆ ನೋಡಿ. ಅದರಲ್ಲಿಯೇ ಜಾಗ ಸಿಗುವುದುಂಟು. ರಬ್ಬರಿಲ್ಲದೆ ಬರಿಯ ತಗಡಿನ ತೂತಿನಲ್ಲಿ ವಯರು ಎಳೆಯಲೇಬಾರದು. ಒಳಕ್ಕೆ ತೂರಿಸಲು ಕಬ್ಬಿಣದ ತಂತಿ ಬಳಸುವುದು ರೂಢಿ. ನಮ್ಮ ಕಡೆ ಅದಕ್ಕಿಂತ ಒಳ್ಳೆಯ ಸಾಧನವೇ ಇದೆ: ಚೆನ್ನಾಗಿ ಒಣಗಿದ ಬಿದಿರಿನ ಸೀಳು, ಇಲ್ಲವೇ ಅಡಿಕೆ ದಬ್ಬೆಯಿಂದ ತೆಗೆದ ತೆಳ್ಳನೆಯ ಕಡ್ಡಿ. ಬಾಗುತ್ತದೆ, ಮುರಿಯುವುದಿಲ್ಲ, ಕರೆಂಟೂ ಹರಿಯುವುದಿಲ್ಲ. ತುದಿಗೆ ವಯರನ್ನು ಟೇಪಿನಿಂದ ನುಣ್ಣಗೆ ಸುತ್ತಿ ನಿಧಾನವಾಗಿ ತಳ್ಳಿದರೆ ಆ ಕಡೆ ಬರುತ್ತದೆ. ಮುಂದೆ ಬೇಕಾದೀತೆಂದು ಜೊತೆಗೆ ಒಂದು ನೈಲಾನ್ ದಾರವನ್ನೂ ಎಳೆದು ಬಿಟ್ಟಿರುವುದು ಜಾಣತನ.

ಡ್ಯಾಶ್‌ಬೋರ್ಡಿನ ಹಿಂದೆ ತಲೆಕೆಳಗಾಗಿ ಮಲಗಿ ತಡಕಾಡುವ ಬದಲು ಮೀಟರಿನ ಬೋಲ್ಟು ಬಿಚ್ಚಿ, ಹಿಂದಿನ ಸ್ಪೀಡೋಮೀಟರ್ ಕೇಬಲ್ ಕಳಚಿ, ಅದನ್ನು ಮುಂದಕ್ಕೆ ಎಳೆದುಕೊಂಡರೆ ಅರ್ಧ ಕಷ್ಟ ನೀಗುತ್ತದೆ. ಬಿಚ್ಚುವ ಮೊದಲು ಪ್ರತಿಯೊಂದು ವಯರಿಗೂ ಕಾಗದದ ಚೀಟಿ ಅಂಟಿಸಿ ಗುರುತು ಬರೆಯಿರಿ. ಈಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೂ ಆದೀತು. ಕಣ್ಣು ಹೋಗದ ಕಡೆಗೆ ಕ್ಷೌರದ ಸಣ್ಣ ಕನ್ನಡಿ ಮತ್ತು ಟಾರ್ಚು ಸಾಕು. ಬಾಕ್ಸ್ ಸ್ಪಾನರಿನೊಳಗೆ ಸ್ವಲ್ಪ ಗ್ರೀಸು ಹಚ್ಚಿ ನಟ್ಟು ಕೂರಿಸಿದರೆ ಅದು ಬಿದ್ದುಹೋಗುವುದಿಲ್ಲ. ಕೈಗೆಟುಕದ ಜಾಗದಲ್ಲಿ ಜಾಯಿಂಟು ಮಾತ್ರ ಮಾಡಬೇಡಿ. ಸುಲಿದು ಸುತ್ತಿ ಟೇಪು ಹಾಕಿದ ಜಾಯಿಂಟು ಎಂಜಿನ್ನಿನ ಶಾಖಕ್ಕೆ ಅಂಟು ಬಿಟ್ಟು ಜಾರುತ್ತದೆ. ಜಾಯಿಂಟು ಬೇಕೇ ಬೇಕಿದ್ದರೆ ಬೆಸುಗೆ ಹಾಕಿ ಸ್ಲೀವು ಏರಿಸಿ, ಮುಂದೆ ನೋಡಲು ಸಿಗುವ ಕಡೆಯಲ್ಲೇ ಇರಿಸಬೇಕು.

ಹಿಂದಿನ ದೀಪಗಳ ವಯರಿನ ವಿಚಾರ ನಮ್ಮವರಿಗೆ ವಿಶೇಷ. ಬೋರ್ಡೋ ದ್ರಾವಣದ ಡ್ರಮ್ಮು, ಮೈಲುತುತ್ತದ ಚೀಲ ಎಲ್ಲವೂ ಜೀಪಿನ ಹಿಂಬದಿಯಲ್ಲಿಯೇ ಹೋಗುತ್ತವೆ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ತಗಡಿನಡಿಯ ಅರ್ತಿನ ಬೋಲ್ಟು ಒಳಗೊಳಗೇ ಸವೆದು, ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುವಂಥ ವಿಚಿತ್ರ ದೋಷಗಳು ತೋರುತ್ತವೆ. ಬಲ್ಬು ಬದಲಿಸುವ ಮೊದಲು ಆ ಬೋಲ್ಟನ್ನು ಬಿಚ್ಚಿ, ತಗಡು ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಹಚ್ಚಿರಿ. ಭತ್ತದ ಕಣಜದ ಪಕ್ಕ ಜೀಪು ನಿಲ್ಲಿಸುವವರು ಇಲಿ ಕಡಿದ ವಯರುಗಳನ್ನೂ ಇದೇ ವೇಳೆ ನೋಡಿಕೊಳ್ಳಬೇಕು.

ಇದೆಲ್ಲ ಹಳೆಯ ಜೀಪುಗಳ ಮಾತು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದರ ವಯರು, ಪ್ಲಗ್ಗುಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಸ್ಟಿಯರಿಂಗಿನ ಸುತ್ತ, ಡ್ಯಾಶ್‌ಬೋರ್ಡಿನೊಳಗೆ ಅವು ಕಂಡರೆ ಕೈ ಹಿಂದೆಗೆಯಿರಿ. ಅಂಥ ವಾಹನಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆಗಳೂ ಇರುವುದರಿಂದ ಹಳೆಯ ಟೆಸ್ಟ್ ಲ್ಯಾಂಪ್ ಹಿಡಿದು ಸಿಕ್ಕಸಿಕ್ಕ ವಯರನ್ನು ಚುಚ್ಚುವುದು ದುಬಾರಿಯಾದೀತು. ಅವುಗಳ ಕೆಲಸ ತಿಳಿದವರಿಗೇ ಇರಲಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಒತ್ತಿ ಹೇಳಿದೆ. ಆದ್ದರಿಂದ ಚಾವಣಿಯ ಮೇಲೆ ದೀಪಗಳ ಸಾಲು ಹಾಕುವ ಹಂಬಲ ಬೇಡ. ಬಿಳಿ ಅಥವಾ ಹಳದಿ ಬೆಳಕಿನ ಒಂದು ಜೊತೆ, ಕೆಳಮುಖವಾಗಿ. ಅದಕ್ಕೂ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಎಂಜಿನ್ ಓಡಿಸಿ ದೀಪವನ್ನು ಅರ್ಧ ಗಂಟೆ ಉರಿಸಿರಿ. ಆಮೇಲೆ ಫ್ಯೂಸಿನ ಹಿಡಿ, ರಿಲೇಯ ಕಾಲು, ಅರ್ತಿನ ಬೋಲ್ಟು, ಇವುಗಳ ಬಳಿಯ ವಯರನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಬೆರಳು ಇಡಲಾರದಷ್ಟು ಬಿಸಿಯಾಗಿದ್ದರೆ ಆ ಜಾಗದ ಹಿಡಿತ ಸಡಿಲವಿದೆ. ದೀಪ ಆರಿಸಿ, ಬ್ಯಾಟರಿ ಕಳಚಿ, ಮತ್ತೆ ಬಿಗಿಯಬೇಕು.