ಸಮುದಾಯ ಕಟ್ಟಿದ ಕಾಲೇಜು ಮತ್ತು ನಾಯಕತ್ವ

ಹಳ್ಳಿಯ ಅರಳಿಕಟ್ಟೆ ಎಲ್ಲರಿಗೂ ಸೇರಿದ ನೆಲೆ. ನಗರದ ಬಡಾವಣೆಯಲ್ಲಿ ಆ ಸ್ಥಾನವನ್ನು ಕಾಲೇಜು ತುಂಬಬಲ್ಲುದೇ ಎಂಬುದು ಅದರ ಮುಖ್ಯಸ್ಥರ ಮುಂದಿರುವ ಮೊದಲ ಪ್ರಶ್ನೆ. ದಕ್ಷಿಣ ಬೆಂಗಳೂರಿನಲ್ಲಿ ಇದಕ್ಕೆ ನ್ಯಾಷನಲ್ ವಿದ್ಯಾಸಂಸ್ಥೆಗಳು ಉತ್ತಮ ನಿದರ್ಶನ. 1917ರಲ್ಲಿ ಆರಂಭಗೊಂಡ ನ್ಯಾಷನಲ್ ಹೈಸ್ಕೂಲಿನ ಪರಂಪರೆಯಲ್ಲಿ 1945ರಲ್ಲಿ ಬಸವನಗುಡಿಯ, 1965ರಲ್ಲಿ ಜಯನಗರದ ಕಾಲೇಜುಗಳು ರೂಪುಗೊಂಡವು.

ಈ ಸಂಸ್ಥೆಗಳನ್ನು ಮುನ್ನಡೆಸಿದ ಡಾ. ಎಚ್. ನರಸಿಂಹಯ್ಯನವರು (1920–2005) ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಓದಿಗಾಗಿ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದವರು. ಪ್ರಾಂಶುಪಾಲರಾದ ಮೇಲೂ ವಿದ್ಯಾರ್ಥಿನಿಲಯದಲ್ಲಿಯೇ ವಾಸಿಸಿದವರು. 1962ರಲ್ಲಿ ಸ್ಥಾಪಿತವಾದ ಬೆಂಗಳೂರು ಸೈನ್ಸ್ ಫೋರಂನ ಮೂಲಕ ಅವರು ವಿಜ್ಞಾನವನ್ನು ತರಗತಿಯಿಂದ ಸಾರ್ವಜನಿಕರ ಬಳಿಗೆ ತಂದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿಯೂ ನ್ಯಾಷನಲ್ ಕಾಲೇಜುಗಳು ಸ್ಥಾಪನೆಗೊಂಡು, ಹಳ್ಳಿಯ ಮಕ್ಕಳು ವಿದ್ಯೆಗಾಗಿ ನಡೆಯಬೇಕಿದ್ದ ದೂರ ಕಡಿಮೆಯಾಯಿತು.

ಆದರೆ ವ್ಯಕ್ತಿಯ ಸರಳ ಬದುಕಿನಿಂದ ಒದಗಿದ ನೈತಿಕ ಬಲ ಉತ್ತರಾಧಿಕಾರಿಗಳಿಗೆ ತಾನಾಗಿ ದಕ್ಕುವುದಿಲ್ಲ. ಸರ್ಕಾರದ ಅನುದಾನ ನಿಯಮ, ವಿಶ್ವವಿದ್ಯಾಲಯದ ಕಟ್ಟಳೆ, ಏರುವ ವೆಚ್ಚಗಳ ನಡುವೆ ಬಡ ವಿದ್ಯಾರ್ಥಿಗೆ ಬಾಗಿಲು ತೆರೆದಿಡುವುದು ಸುಲಭವಲ್ಲ. ಜನಪದ ಸಮಾಜದಲ್ಲಿ ಹಿರಿಯರ ನಡೆ ಕ್ರಮೇಣ ಊರಿನ ರೂಢಿಯಾಗುತ್ತದೆ. ಅಂತೆಯೇ ಶುಲ್ಕ ರಿಯಾಯಿತಿ, ವಿದ್ಯಾರ್ಥಿನಿಲಯ, ಸಾರ್ವಜನಿಕ ಉಪನ್ಯಾಸಗಳು ಒಬ್ಬರ ಔದಾರ್ಯವಾಗಿ ಉಳಿಯದೆ ಸಂಸ್ಥೆಯ ರೂಢಿಯಾದಾಗ ಮಾತ್ರ ಕಾಲೇಜು ಸಮುದಾಯದ್ದಾಗಿ ಉಳಿಯುತ್ತದೆ.